ಪೂರ್ಣವರ್ಗವಲ್ಲದ ಸಂಖ್ಯೆಯ ವರ್ಗಮೂಲ: ಯಾವ ಕೆಲಸಕ್ಕೆ ಯಾವ ದಾರಿ

ಒಂದು ಗುಂಟೆ ಎಂದರೆ 33 ಅಡಿಗೆ 33 ಅಡಿ, 1089 ಚದರ ಅಡಿ. ಐದು ಗುಂಟೆ ಜಾಗವನ್ನು ಚೌಕವಾಗಿ ಗುರುತು ಮಾಡಬೇಕಾದರೆ ಒಂದು ಬದಿ ಎಷ್ಟು ಅಡಿ ಬರುತ್ತದೆ? 5445ರ ವರ್ಗಮೂಲವನ್ನು ಭಾಗಾಕಾರ ಕ್ರಮದಲ್ಲಿ ತೆಗೆಯಲು ಕೂತರೆ ಅರ್ಧ ಪುಟ ತುಂಬುತ್ತದೆ. 5445 ಎಂದರೆ 33 × 33 × 5 ಎಂದು ಕಂಡರೆ ಉತ್ತರ 33√5. √5ರ ಬೆಲೆ 2.236, ಬದಿ 73.79 ಅಡಿ. ಹತ್ತು ಗುಂಟೆಗೆ 33√10. ನಲವತ್ತು ಗುಂಟೆಯ ಪೂರಾ ಎಕರೆಗೆ 33√40, ಅಂದರೆ 66√10, ಅಂದರೆ 208.71 ಅಡಿ. ಎಷ್ಟು ಗುಂಟೆಯೋ ಅದರ ವರ್ಗಮೂಲವನ್ನು 33ರಿಂದ ಗುಣಿಸಿದರೆ ಮುಗಿಯಿತು.

ಈಗ ಇನ್ನೊಂದು ಲೆಕ್ಕ. ಹೆಂಚಿನ ಮನೆಯ ಮಾಡು. ನಡುವಿನ ತೊಲೆಯಿಂದ ಹೊರಗೋಡೆಗೆ 12 ಅಡಿ, ಮಾಡಿನ ಏರು 7 ಅಡಿ. ಗೋಡೆಯವರೆಗಿನ ಪಕಾಸಿನ, ಅಂದರೆ ಮಾಡು ಹೊರುವ ಓರೆ ಮರದ, ಉದ್ದ √(144 + 49), ಅಂದರೆ √193. 193 ಅವಿಭಾಜ್ಯ ಸಂಖ್ಯೆ, ಮೂಲಚಿಹ್ನೆಯಿಂದ ಹೊರಗೆ ತೆಗೆಯಲು ಏನೂ ಇಲ್ಲ. ಇಲ್ಲಿ ಸರಳೀಕರಣ ಎಂದು ಕೂತರೆ ಹೊತ್ತು ಹಾಳು. ಅಂದಾಜಿನ ದಾರಿಯಲ್ಲಿ ಎರಡೇ ಸಾಲಿನಲ್ಲಿ ಟೇಪಿಗೆ ಸಾಕಾಗುವ ಉತ್ತರ ಸಿಗುತ್ತದೆ.

ಎರಡೂ ವರ್ಗಮೂಲದ ಲೆಕ್ಕವೇ, ದಾರಿ ಮಾತ್ರ ಬೇರೆ. ಶಾಲೆಯಲ್ಲಿ ಈ ಕ್ರಮಗಳನ್ನು ಬೇರೆ ಬೇರೆ ತರಗತಿಯಲ್ಲಿ, ಬೇರೆ ಬೇರೆ ಅಧ್ಯಾಯದಲ್ಲಿ ಕಲಿಸುತ್ತಾರೆ. ಹಾಗಾಗಿ ಮಕ್ಕಳಿಗೆ ಒಂದೊಂದೂ ಗೊತ್ತಿರುತ್ತದೆ, ಯಾವಾಗ ಯಾವುದು ಎಂಬುದು ಗೊತ್ತಿರುವುದಿಲ್ಲ. ಆರಿಸುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಈ ಉತ್ತರ ಮುಂದೆ ಎಲ್ಲಿಗೆ ಹೋಗುತ್ತದೆ? ಇನ್ನೊಂದು ಸಮೀಕರಣದೊಳಕ್ಕೆ ಹೋಗುವುದಾದರೆ ಮೂಲಚಿಹ್ನೆಯಲ್ಲೇ ಇಡಿ. ಟೇಪಿಗೆ, ಗರಗಸಕ್ಕೆ, ಗೂಟಕ್ಕೆ ಹೋಗುವುದಾದರೆ ದಶಮಾಂಶ ಬೇಕು, ಆದರೆ ಇಂತಿಷ್ಟೇ ಸ್ಥಾನದವರೆಗೆ. ಉತ್ತರ ಸರಿಯಿದೆಯೇ ಎಂದು ನೋಡಿಕೊಳ್ಳಲು ಮಾತ್ರವಾದರೆ ಎರಡು ಪೂರ್ಣವರ್ಗಗಳ ನಡುವೆ ಹಿಡಿದರೆ ಸಾಕು.

ನಮ್ಮ ನಾಡಿನ ಗಣಿತಕ್ಕೆ ಈ ವಿವೇಕ ಹೊಸದಲ್ಲ. ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷನ ಕಾಲದಲ್ಲಿದ್ದ ಮಹಾವೀರಾಚಾರ್ಯರು ವೃತ್ತದ ಪರಿಧಿಗೆ ಎರಡು ಲೆಕ್ಕ ಕೊಟ್ಟರು. ಸ್ಥೂಲವಾಗಿ ಸಾಕಾದರೆ ವ್ಯಾಸದ 3ರಷ್ಟು, ಸೂಕ್ಷ್ಮವಾಗಿ ಬೇಕಾದರೆ ವ್ಯಾಸದ √10ರಷ್ಟು. ಸ್ಥೂಲ, ಸೂಕ್ಷ್ಮ ಎಂಬ ಆ ಎರಡು ಮಾತನ್ನು ತಲೆಯಲ್ಲಿಟ್ಟುಕೊಂಡು ಮುಂದಿನದನ್ನು ಓದಿ.

ಮೂಲಚಿಹ್ನೆಯಲ್ಲೇ ಇಡುವುದು

ಸರಳೀಕರಣ ಎಂದರೆ ಸಂಖ್ಯೆಯೊಳಗೆ ಅಡಗಿರುವ ಪೂರ್ಣವರ್ಗವನ್ನು ಹೊರಗೆ ತರುವುದು. 432 ತೆಗೆದುಕೊಳ್ಳಿ. ಕೊನೆಯ ಎರಡು ಅಂಕಿ 32, ಅದು 4ರಿಂದ ಭಾಗವಾಗುತ್ತದೆ, ಹಾಗಾಗಿ ಇಡೀ ಸಂಖ್ಯೆಯೂ ಭಾಗವಾಗುತ್ತದೆ: 4 × 108. 108 ಮತ್ತೆ 4 × 27. 27 ಎಂದರೆ 9 × 3. ಹೊರಗೆ ಬಂದದ್ದು 2, 2, 3. ಒಳಗೆ ಉಳಿದದ್ದು 3. ಉತ್ತರ 12√3. ತಾಳೆ ನೋಡಲು ಹಿಂದಕ್ಕೆ ಗುಣಿಸಿ: 144 × 3 = 432.

ಅವಿಭಾಜ್ಯ ಅಪವರ್ತನದ ಪೂರ್ತಿ ಏಣಿ ಬರೆಯುವ ಅಗತ್ಯ ಹೆಚ್ಚಿನ ಸಲ ಇಲ್ಲ. 4, 9, 25, 49 ಇವಿಷ್ಟನ್ನು ಪರೀಕ್ಷಿಸುವ ಅಭ್ಯಾಸ ಇರಲಿ. 4ಕ್ಕೆ ಕೊನೆಯ ಎರಡು ಅಂಕಿ ನೋಡಿ, 9ಕ್ಕೆ ಅಂಕಿಗಳ ಮೊತ್ತ ನೋಡಿ, 25ಕ್ಕೆ ಕೊನೆ 00, 25, 50, 75 ಇದೆಯೇ ನೋಡಿ. ದೊಡ್ಡ ಸಂಖ್ಯೆ ಬಂದಾಗ ಎಲ್ಲಿಯವರೆಗೆ ಹುಡುಕಬೇಕು ಎಂಬ ಗೊಂದಲ ಸಹಜ. ಸಂಖ್ಯೆಯ ಘನಮೂಲದವರೆಗಿನ ಅವಿಭಾಜ್ಯಗಳನ್ನು ನೋಡಿ, ಅವುಗಳಿಂದ ಭಾಗಿಸಿ ಉಳಿದದ್ದು ಪೂರ್ಣವರ್ಗವೇ ಎಂದು ನೋಡಿದರೆ ಸಾಕು. 2021ನ್ನೇ ನೋಡಿ. 13ರ ಘನ 2197, ಅದು ಆಗಲೇ 2021ನ್ನು ದಾಟಿತು. ಆದ್ದರಿಂದ 2, 3, 5, 7, 11 ಇಷ್ಟನ್ನೇ ಪರೀಕ್ಷಿಸಬೇಕು. ಯಾವುದರಿಂದಲೂ ಭಾಗವಾಗುವುದಿಲ್ಲ. 13 ಅಥವಾ ಅದಕ್ಕಿಂತ ದೊಡ್ಡ ಮೂರು ಅವಿಭಾಜ್ಯಗಳನ್ನು ಗುಣಿಸಿದರೆ 2021 ಮೀರುತ್ತದೆ, ಹಾಗಾಗಿ ಒಳಗೆ ಇದ್ದರೆ ಹೆಚ್ಚೆಂದರೆ ಎರಡು. ಆ ಎರಡೂ ಒಂದೇ ಆಗಿದ್ದರೆ ಸಂಖ್ಯೆಯೇ ಪೂರ್ಣವರ್ಗವಾಗಬೇಕು. 44ರ ವರ್ಗ 1936, 45ರ ವರ್ಗ 2025. 2021 ನಡುವೆ ಬಿದ್ದಿದೆ. ಅಲ್ಲಿಗೆ √2021 ಸರಳವಾಗದು ಎಂದು ಖಚಿತ, ಅದು 43 × 47 ಎಂದು ಕಂಡುಹಿಡಿಯುವ ಕಷ್ಟವೂ ಬೇಕಿಲ್ಲ.

ಸರಳೀಕರಣದ ಮೇಲೆ ಎಷ್ಟು ನೆಚ್ಚಬಹುದು? 1ರಿಂದ 100ರವರೆಗೆ ಎಣಿಸಿದರೆ ಪೂರ್ಣವರ್ಗಗಳು 10. ಉಳಿದ 90ರಲ್ಲಿ 30 ಸಂಖ್ಯೆಗಳ ವರ್ಗಮೂಲ ಮಾತ್ರ ಸರಳವಾಗುತ್ತದೆ. 60 ಹಾಗೆಯೇ ಉಳಿಯುತ್ತವೆ. ಪಠ್ಯಪುಸ್ತಕದಲ್ಲಿ 48, 72, 75, 98 ಇಂಥವನ್ನೇ ಆರಿಸಿ ಕೊಡುವುದರಿಂದ ಎಲ್ಲವೂ ಸರಳವಾಗುತ್ತದೆ ಎಂಬ ಭಾವನೆ ಬೆಳೆಯುತ್ತದೆ. ತೋಟದಲ್ಲಿ, ಮನೆ ಕಟ್ಟುವಲ್ಲಿ ಎದುರಾಗುವ ಸಂಖ್ಯೆಗಳು ಹಾಗೆ ಆರಿಸಿ ಬರುವುದಿಲ್ಲ.

ಆದರೂ ಲೆಕ್ಕ ಮುಂದುವರಿಯಬೇಕಿದ್ದಾಗ ಇದಕ್ಕೆ ಸಾಟಿಯಿಲ್ಲ. √48 + √27 − √12 ಎಂಬುದನ್ನು ದಶಮಾಂಶಕ್ಕೆ ಇಳಿಸಿ ಮಾಡಿದರೆ 6.93 + 5.20 − 3.46, ಉತ್ತರ 8.67. ಸರಳೀಕರಿಸಿದರೆ 4√3 + 3√3 − 2√3 = 5√3, ಅಂದರೆ 8.66. ಎರಡನೆಯದೇ ಸರಿ. ಮೊದಲನೆಯದರಲ್ಲಿ ಮೂರು ಸಲ ಅಂಕಿ ಕತ್ತರಿಸಿದ ತಪ್ಪುಗಳು ಸೇರಿಕೊಂಡಿವೆ. ವರ್ಗ ಸಮೀಕರಣದಲ್ಲಂತೂ ಮೂಲಚಿಹ್ನೆ ಬಿಡಲೇಬಾರದು. ಅವ್ಯಕ್ತದ ವರ್ಗದಿಂದ ಅವ್ಯಕ್ತದ 6ರಷ್ಟನ್ನು ಕಳೆದು 2 ಕೂಡಿದರೆ ಸೊನ್ನೆ ಎಂಬ ಸಮೀಕರಣದ ಮೂಲಗಳು (6 ± √28) ÷ 2. √28 ಎಂದರೆ 2√7, ಹಾಗಾಗಿ 3 ± √7. ಎರಡೂ ಮೂಲಗಳನ್ನು ಗುಣಿಸಿದರೆ 9 − 7 = 2, ಸರಿಯಾಗಿ ತಾಳೆಯಾಗುತ್ತದೆ. 5.65 ಮತ್ತು 0.35 ಎಂದು ಬರೆದು ಗುಣಿಸಿದರೆ 1.98 ಬರುತ್ತದೆ, ತಪ್ಪು ಎಲ್ಲಿ ಎಂದು ಹುಡುಕುತ್ತಾ ಕೂರಬೇಕಾಗುತ್ತದೆ.

ಈ ದಾರಿಯಲ್ಲಿ ಆಗುವ ತಪ್ಪುಗಳು ಪ್ರತಿ ವರ್ಷ ಅವೇ. √48ನ್ನು 2√12 ಎಂದು ಬರೆದು ನಿಲ್ಲಿಸುವುದು. 12ರೊಳಗೆ ಇನ್ನೂ 4 ಇದೆ. 16ನ್ನು ಹೊರಗೆ ತರುವಾಗ 4 ಎಂದು ಬರೆಯದೆ 16√3 ಎಂದೇ ಬರೆಯುವುದು. (6 ± 2√7) ÷ 2ರಲ್ಲಿ ಒಂದು ಪದವನ್ನು ಮಾತ್ರ ಭಾಗಿಸಿ 3 ± 2√7 ಎನ್ನುವುದು. ಎಲ್ಲಕ್ಕಿಂತ ಕೆಟ್ಟದ್ದು √(144 + 49)ನ್ನು 12 + 7 ಎಂದು ಬಿಡಿಸುವುದು. ಗುಣಾಕಾರವಾದರೆ ಮೂಲಚಿಹ್ನೆಯನ್ನು ಹಂಚಬಹುದು, ಕೂಡುವಿಕೆಗೆ ಹಂಚಲಾಗದು. ಮಾಡಿನ ಲೆಕ್ಕದಲ್ಲೇ ಇದನ್ನು ತೋರಿಸಿದರೆ ಮಕ್ಕಳಿಗೆ ಮರೆಯದು: ಗೋಡೆಯಗುಂಟ 7 ಅಡಿ ಹತ್ತಿ ಅಡ್ಡಕ್ಕೆ 12 ಅಡಿ ನಡೆದರೆ 19 ಅಡಿ, ಓರೆಯಾಗಿ ಹೋಗುವ ಪಕಾಸು ಅಷ್ಟು ಉದ್ದ ಇರಲು ಸಾಧ್ಯವೇ?

ಎರಡು ಕರಣಿಗಳಲ್ಲಿ, ಅಂದರೆ ಮೂಲಚಿಹ್ನೆಯಲ್ಲೇ ಉಳಿದ ಸಂಖ್ಯೆಗಳಲ್ಲಿ, ಯಾವುದು ದೊಡ್ಡದು ಎಂದು ಕೇಳಿದಾಗ ಇದೇ ಕೆಲಸವನ್ನು ತಿರುವುಮುರುವಾಗಿ ಮಾಡಿ, ಹೊರಗಿನದನ್ನು ಒಳಗೆ ಕಳಿಸಿ. 5√3 ಎಂದರೆ √75, 6√2 ಎಂದರೆ √72. ದಶಮಾಂಶ ಮುಟ್ಟದೆಯೇ ಉತ್ತರ ಸಿಕ್ಕಿತು. ಛೇದದಲ್ಲಿ ಮೂಲಚಿಹ್ನೆ ಇದ್ದರೆ ಅಕರಣೀಕರಿಸುವುದು, ಅಂದರೆ ಅದನ್ನು ಛೇದದಿಂದ ತೆಗೆಯುವುದು, ಕೂಡ ಬರೀ ಪರೀಕ್ಷೆಯ ಶಿಸ್ತಲ್ಲ. 10/√3 ಎಂದರೆ 10√3/3; 10ನ್ನು 1.732ರಿಂದ ಭಾಗಿಸುವುದಕ್ಕಿಂತ 17.32ನ್ನು 3ರಿಂದ ಭಾಗಿಸುವುದು ಕೈಲೆಕ್ಕಕ್ಕೆ ಸುಲಭ. ಕಾರಣ ಅಷ್ಟೇ.

ಎರಡು ಪೂರ್ಣವರ್ಗಗಳ ನಡುವೆ

√193ಕ್ಕೆ ಮರಳೋಣ. 13ರ ವರ್ಗ 169, 14ರ ವರ್ಗ 196. ಉತ್ತರ 13 ಮತ್ತು 14ರ ನಡುವೆ. ಯಾವುದಕ್ಕೆ ಹತ್ತಿರ? ಚಿಕ್ಕ ಸಂಖ್ಯೆಯ ವರ್ಗಕ್ಕೆ ಅದೇ ಸಂಖ್ಯೆಯನ್ನು ಕೂಡಿ: 169 + 13 = 182. ನಮ್ಮ ಸಂಖ್ಯೆ 182ಕ್ಕಿಂತ ದೊಡ್ಡದಾದರೆ 14ಕ್ಕೆ ಹತ್ತಿರ, ಇಲ್ಲವಾದರೆ 13ಕ್ಕೆ. 13.5ರ ವರ್ಗ 182.25 ಆಗಿರುವುದೇ ಇದರ ಗುಟ್ಟು. ಬಹು ಆಯ್ಕೆಯ ಪ್ರಶ್ನೆಗಳಲ್ಲಿ ಎಷ್ಟೋ ಸಲ ಇಷ್ಟರಲ್ಲೇ ಉತ್ತರ ಸಿಗುತ್ತದೆ.

ಇನ್ನೂ ಸೂಕ್ಷ್ಮ ಬೇಕಾದರೆ ಎರಡು ದಾರಿ. ಒಂದು, ಅಂತರವನ್ನು ಪಾಲು ಮಾಡುವುದು: 169ರಿಂದ 196ಕ್ಕೆ 27 ಹೆಜ್ಜೆ, ನಾವು 24 ಹೆಜ್ಜೆ ಬಂದಿದ್ದೇವೆ, ಹಾಗಾಗಿ 13 + 24/27 = 13.889. ಇನ್ನೊಂದು, ಹತ್ತಿರದ ಪೂರ್ಣವರ್ಗ ಹಿಡಿದು ವ್ಯತ್ಯಾಸವನ್ನು ಅದರ ಮೂಲದ ಇಮ್ಮಡಿಯಿಂದ ಭಾಗಿಸುವುದು: 14 − 3/28 = 13.8929. ನಿಜವಾದ ಬೆಲೆ 13.8924. ಪಾಲು ಮಾಡುವ ದಾರಿಯಲ್ಲಿ ಬರುವ ಉತ್ತರ ಯಾವಾಗಲೂ ತುಸು ಕಡಿಮೆ, ಇಮ್ಮಡಿಯ ದಾರಿಯಲ್ಲಿ ಯಾವಾಗಲೂ ತುಸು ಹೆಚ್ಚು. ಎರಡನ್ನೂ ಮಾಡಿದರೆ ನಿಜ ಬೆಲೆ ನಡುವೆ ಸಿಕ್ಕಿಬೀಳುತ್ತದೆ. ಕೈಲೆಕ್ಕದಲ್ಲಿ ಇಷ್ಟು ಅಗ್ಗಕ್ಕೆ ಇಷ್ಟು ಭರವಸೆ ಕೊಡುವ ಉಪಾಯ ನಮಗೆ ಬೇರೆ ಗೊತ್ತಿಲ್ಲ.

ಪಾಲು ಮಾಡುವುದರಲ್ಲಿ ತಪ್ಪು ಹೆಚ್ಚೆಂದರೆ ಎಷ್ಟು ಎಂಬುದಕ್ಕೂ ಲೆಕ್ಕವಿದೆ: ಎರಡು ವರ್ಗಗಳ ಅಂತರದ ನಾಲ್ಕು ಪಟ್ಟಿನಿಂದ 1ನ್ನು ಭಾಗಿಸಿದಷ್ಟು. 13 ಮತ್ತು 14ರ ನಡುವೆ ಅಂತರ 27, ಹಾಗಾಗಿ ತಪ್ಪು 1/108 ಮೀರದು, ಅಂದರೆ 0.01ಕ್ಕಿಂತ ಕಡಿಮೆ. 1 ಮತ್ತು 2ರ ನಡುವೆಯಾದರೆ ಅಂತರ 3, ತಪ್ಪು 1/12ರವರೆಗೆ ಹೋಗಬಹುದು. √3ಕ್ಕೆ ಈ ದಾರಿಯಲ್ಲಿ 1.667 ಬರುತ್ತದೆ, ನಿಜ ಬೆಲೆ 1.732. ಸಣ್ಣ ಸಂಖ್ಯೆಗೆ ಈ ಕ್ರಮ ಕೈಕೊಡುತ್ತದೆ ಎಂದು ಬಿಟ್ಟುಬಿಡಬೇಕಿಲ್ಲ. ಸಂಖ್ಯೆಯನ್ನು 100ರಿಂದ ಗುಣಿಸಿ ಮಾಡಿ, ಕೊನೆಗೆ 10ರಿಂದ ಭಾಗಿಸಿ. 300 ಎಂಬುದು 289 ಮತ್ತು 324ರ ನಡುವೆ ಇದೆ: 17 + 11/35 = 17.314. ಅಲ್ಲಿಗೆ √3 ಸುಮಾರು 1.731.

ಇಲ್ಲಿನ ತಪ್ಪು ಒಂದೇ, ಆದರೆ ಬಹಳ ಮಂದಿ ಮಾಡುತ್ತಾರೆ. 13 ಹೋಗಿ 24 ಉಳಿಯಿತು, ಆದ್ದರಿಂದ 13.24 ಎಂದು ಬರೆದುಬಿಡುತ್ತಾರೆ. ಉಳಿದ 24 ಎಂಬುದು 27ರಲ್ಲಿ 24, ನೂರರಲ್ಲಿ ಅಲ್ಲ.

ಸರಾಸರಿ ಕ್ರಮ

ಕೈಯಲ್ಲಿ ನಾಲ್ಕು ಮೂಲಕ್ರಿಯೆಗಳ ಸಾದಾ ಕ್ಯಾಲ್ಕುಲೇಟರ್ ಇದ್ದರೆ, ಅಥವಾ ಭಾಗಾಕಾರಕ್ಕೆ ಬೇಸರವಿಲ್ಲದಿದ್ದರೆ, ನಮ್ಮ ಮೊದಲ ಆಯ್ಕೆ ಇದು. ಒಂದು ಊಹೆ ತೆಗೆದುಕೊಳ್ಳಿ. ಸಂಖ್ಯೆಯನ್ನು ಆ ಊಹೆಯಿಂದ ಭಾಗಿಸಿ. ಊಹೆ ಮತ್ತು ಭಾಗಲಬ್ಧದ ಸರಾಸರಿ ತೆಗೆಯಿರಿ. ಅದೇ ಹೊಸ ಊಹೆ.

√193ಕ್ಕೆ ಊಹೆ 13.9. 193 ÷ 13.9 = 13.88489. ಸರಾಸರಿ 13.892446. ನಿಜ ಬೆಲೆ 13.892444. ಒಂದೇ ಸುತ್ತಿನಲ್ಲಿ ಐದು ದಶಮಾಂಶ ಸ್ಥಾನ ಸರಿಹೊಂದಿತು.

ಇದು ಕೆಲಸ ಮಾಡುವ ಬಗೆ ನೇರ. ಊಹೆ ನಿಜ ಬೆಲೆಗಿಂತ ಹೆಚ್ಚಿದ್ದರೆ ಭಾಗಲಬ್ಧ ಕಡಿಮೆ ಬರಲೇಬೇಕು, ಏಕೆಂದರೆ ಎರಡರ ಗುಣಲಬ್ಧ 193 ಆಗಬೇಕು. ಒಂದು ಮೇಲೆ, ಒಂದು ಕೆಳಗೆ, ಸರಾಸರಿ ನಡುವೆ. ಉತ್ತರ ಹತ್ತಿರ ಬಂದ ಮೇಲೆ ಪ್ರತಿ ಸುತ್ತಿಗೂ ಸರಿಯಾದ ಅಂಕಿಗಳ ಸಂಖ್ಯೆ ಸುಮಾರು ಎರಡರಷ್ಟಾಗುತ್ತದೆ. ಊಹೆ ಕೆಟ್ಟದಿದ್ದರೂ ಭಯವಿಲ್ಲ. 193ಕ್ಕೆ 10 ಎಂದು ಶುರು ಮಾಡಿದರೂ 14.65, ನಂತರ 13.912, ನಂತರ 13.8925. ನಡುವೆ ಒಂದು ಭಾಗಾಕಾರ ತಪ್ಪಿದರೂ ಅದು ಬರೀ ಹೊಸ ಊಹೆಯಾಗುತ್ತದೆ, ಮುಂದಿನ ಸುತ್ತು ಅದನ್ನು ತಿದ್ದಿಕೊಳ್ಳುತ್ತದೆ. ಈ ಗುಣ ಉಳಿದ ಯಾವ ಕ್ರಮಕ್ಕೂ ಇಲ್ಲ.

ಹಳೆಯ ಕಾಲದಿಂದಲೂ ಇದು ಬಳಕೆಯಲ್ಲಿದೆ. ಅಲೆಕ್ಸಾಂಡ್ರಿಯಾದ ಹೀರೋ ಸುಮಾರು ಒಂದನೆಯ ಶತಮಾನದಲ್ಲಿ ಇದನ್ನು ಬರೆದಿಟ್ಟ. √2ಕ್ಕೆ 1.5ರಿಂದ ಹೊರಟರೆ ಮೊದಲ ಸುತ್ತಿಗೆ 17/12, ಎರಡನೆಯದಕ್ಕೆ 577/408, ಅಂದರೆ 1.4142157. ಇದಕ್ಕೂ ಬಹಳ ಹಿಂದೆ ಯಜ್ಞವೇದಿ ಕಟ್ಟಲು ಬೌಧಾಯನರ ಶುಲ್ಬಸೂತ್ರ ಹೇಳಿದ ಬೆಲೆಯೂ ಇದೇ: ಒಂದಕ್ಕೆ ಮೂರನೇ ಒಂದು ಕೂಡಿ, ಅದರ ನಾಲ್ಕನೇ ಒಂದು ಕೂಡಿ, ಅದರ ಮೂವತ್ತನಾಲ್ಕನೇ ಒಂದು ಕಳೆಯಿರಿ. ಲೆಕ್ಕ ಹಾಕಿದರೆ ಸರಿಯಾಗಿ 577/408. ಹಗ್ಗ ಹಿಡಿದು ಮೂಲೆ ತೆಗೆಯುತ್ತಿದ್ದವರಿಗೆ ಐದು ದಶಮಾಂಶ ಸ್ಥಾನದವರೆಗೆ ಸರಿಯಿರುವ √2 ಬೇಕಾಗಿತ್ತು ಎಂಬುದು ನಿಜಕ್ಕೂ ಬೆರಗಿನ ಸಂಗತಿ.

ತೊಂದರೆ ಏನೆಂದರೆ, ಬರೀ ಕಾಗದ ಪೆನ್ನಿನಲ್ಲಿ ಎರಡನೇ ಸುತ್ತಿಗೆ ಹೋದಾಗ 193ನ್ನು 13.8929ರಿಂದ ಭಾಗಿಸುವಂಥ ಕೆಲಸ ಬೀಳುತ್ತದೆ. ಅದಕ್ಕೇ ಊಹೆ ಎರಡೋ ಮೂರೋ ಅಂಕಿಯದಿರಲಿ, ಸುತ್ತು ಒಂದೇ ಇರಲಿ.

ಭಾಗಾಕಾರ ಕ್ರಮ

ಕ್ರಿ.ಶ. 499ರಲ್ಲಿ ಆರ್ಯಭಟ ಹೇಳಿದ, ಸ್ಥಾನಬೆಲೆ ಹಿಡಿದು ಒಂದೊಂದೇ ಅಂಕಿ ತೆಗೆಯುವ ನಿಯಮವೇ ಶಾಲೆಯ ಭಾಗಾಕಾರ ಕ್ರಮದ ಬೇರು. ಎಷ್ಟು ಸ್ಥಾನ ಬೇಕೋ ಅಷ್ಟು, ಒಂದೂ ಹೆಚ್ಚಿಲ್ಲ ಒಂದೂ ಕಡಿಮೆಯಿಲ್ಲ, ಬಂದ ಅಂಕಿ ಮತ್ತೆ ಬದಲಾಗುವುದಿಲ್ಲ. ಪರೀಕ್ಷೆಯಲ್ಲಿ ‘ಎರಡು ದಶಮಾಂಶ ಸ್ಥಾನಗಳವರೆಗೆ’ ಎಂದು ಕೇಳಿದಾಗ ಇದರಷ್ಟು ನಿಶ್ಚಿತ ದಾರಿ ಇಲ್ಲ.

193.00 00 ಎಂದು ಬರೆದು ದಶಮಾಂಶ ಬಿಂದುವಿನಿಂದ ಎರಡೂ ಕಡೆಗೆ ಜೋಡಿ ಮಾಡಿ: 1, 93, 00, 00. ಮೊದಲ ಗುಂಪು 1, ಅದರ ಮೂಲ 1. ಶೇಷ 0, ಕೆಳಗಿಳಿಸಿದರೆ 93. ಈಗಿನ ಭಾಗಲಬ್ಧದ ಇಮ್ಮಡಿ 2. ಅದರ ಪಕ್ಕ ಒಂದು ಅಂಕಿ ಇಟ್ಟು ಅದೇ ಅಂಕಿಯಿಂದ ಗುಣಿಸಬೇಕು. 23 × 3 = 69 ಹಿಡಿಸುತ್ತದೆ, 24 × 4 = 96 ಮೀರುತ್ತದೆ. ಶೇಷ 24. ಮುಂದೆ 2400; 13ರ ಇಮ್ಮಡಿ 26; 268 × 8 = 2144, ಶೇಷ 256. ಮುಂದೆ 25600; 138ರ ಇಮ್ಮಡಿ 276; 2769 × 9 = 24921, ಶೇಷ 679. ಉತ್ತರ 13.89, ಮುಂದಿನ ಅಂಕಿ 5ಕ್ಕಿಂತ ಕಡಿಮೆ ಎಂಬುದು 679 ನೋಡಿದರೇ ತಿಳಿಯುತ್ತದೆ.

ಇನ್ನೂ ಸ್ಥಾನಗಳು ಬೇಕಾದರೆ ಇದೇ ಕ್ರಮದಲ್ಲಿ ಎಳೆಯುತ್ತಾ ಹೋಗಬೇಡಿ, ಭಾಜಕ ಉದ್ದವಾಗುತ್ತಲೇ ಇರುತ್ತದೆ. ಅರ್ಧ ದಾರಿಯಲ್ಲಿ ಶೇಷವನ್ನು ಭಾಗಲಬ್ಧದ ಇಮ್ಮಡಿಯಿಂದ ಸಾದಾ ಭಾಗಾಕಾರ ಮಾಡಿ. ಇಲ್ಲಿ ಶೇಷ 679ರ ನಿಜವಾದ ಬೆಲೆ 0.0679, ಅದನ್ನು 27.78ರಿಂದ ಭಾಗಿಸಿದರೆ 0.002444. ಕೂಡಿದರೆ 13.892444. ಆಗಲೇ ಸಿಕ್ಕಷ್ಟೇ ಅಂಕಿಗಳು ಇನ್ನೊಮ್ಮೆ ಪುಕ್ಕಟೆ ಸಿಕ್ಕಂತಾಯಿತು.

ಈ ಕ್ರಮ ಎಡವುವುದು ಮೂರು ಕಡೆ. ಜೋಡಿಯನ್ನು ಎಡದಿಂದ ಶುರು ಮಾಡಿ 193ನ್ನು 19, 3 ಎಂದು ಒಡೆಯುವುದು. ಬಿಂದುವಿನಿಂದಲೇ ಶುರು ಮಾಡಬೇಕು. ದಶಮಾಂಶ ಭಾಗದಲ್ಲಿ ಒಂಟಿ ಅಂಕಿ ಉಳಿದಾಗ ಸೊನ್ನೆ ಸೇರಿಸದಿರುವುದು, 0.4 ಎಂದರೆ 0.40, ಅದರ ಮೂಲ 0.63, 0.2 ಅಲ್ಲ. ಮೂರನೆಯದು, ಭಾಗಲಬ್ಧದಲ್ಲಿ ಸೊನ್ನೆ ಬಿಡುವುದು. 104.04ರಲ್ಲಿ ಮೊದಲ 1 ಹೋದ ಮೇಲೆ 04 ಇಳಿಯುತ್ತದೆ; 21 × 1 ಹಿಡಿಸುವುದಿಲ್ಲ, ಹಾಗಾಗಿ 0 ಬರೆಯಬೇಕು, ಭಾಜಕ 20 ಆಗಬೇಕು, ಆಮೇಲೆ 202 × 2 = 404. ಉತ್ತರ 10.2. ಸೊನ್ನೆ ಬಿಟ್ಟವರು 1.2 ಬರೆದು ಮುಂದೆ ಹೋಗುತ್ತಾರೆ. ಸರಾಸರಿ ಕ್ರಮದ ಹಾಗೆ ಇದು ತನ್ನನ್ನು ತಾನೇ ತಿದ್ದಿಕೊಳ್ಳುವುದಿಲ್ಲ. ಒಂದು ಕಡೆ ತಪ್ಪಿದರೆ ಅಲ್ಲಿಂದಾಚೆಗಿನ ಎಲ್ಲವೂ ತಪ್ಪು. ಅದಕ್ಕೇ ಶುರು ಮಾಡುವ ಮೊದಲು ಪೂರ್ಣವರ್ಗಗಳ ನಡುವೆ ಹಿಡಿದು ಒಂದು ಅಂದಾಜು ಪಕ್ಕದಲ್ಲಿ ಬರೆದಿಡಿ. 104ರ ಮೂಲ 10ಕ್ಕಿಂತ ಮೇಲೆ ಎಂದು ಬರೆದಿದ್ದರೆ 1.2 ಕಣ್ಣಿಗೆ ಹೊಡೆಯುತ್ತದೆ.

ಹೊರಗಿನ ಗುಣಕ ತಪ್ಪನ್ನೂ ಗುಣಿಸುತ್ತದೆ

ಸರಳೀಕರಿಸಿ ಆಮೇಲೆ ಬೆಲೆ ಹಾಕುವವರು ಎಚ್ಚರವಾಗಿರಬೇಕಾದ್ದು ಇಲ್ಲಿ. ಅಡಿಕೆ ಸಸಿಯನ್ನು 9 ಅಡಿಗೆ ಒಂದರಂತೆ ಚೌಕದಲ್ಲಿ ನೆಡುವಾಗ, ಹತ್ತು ಅಂತರದ ಒಂದು ಚೌಕ ಎಂದರೆ 90 ಅಡಿಗೆ 90 ಅಡಿ. ಸಾಲು ನೇರ ಬಂದಿದೆಯೇ ಎಂದು ನೋಡಲು ಮೂಲೆಯಿಂದ ಮೂಲೆಗೆ ಹಗ್ಗ ಹಿಡಿದರೆ 90√2 ಅಡಿ ಇರಬೇಕು. √2ನ್ನು 1.4 ಎಂದು ಹಿಡಿದರೆ 126 ಅಡಿ. 1.41 ಎಂದು ಹಿಡಿದರೆ 126.9. 1.414 ಎಂದರೆ 127.26. ನಿಜ ಬೆಲೆ 127.28. ಮೊದಲನೆಯದರಲ್ಲಿ ಒಂದು ಅಡಿ ಮೂರು ಇಂಚು ಕಡಿಮೆ, ಎರಡನೆಯದರಲ್ಲಿ ನಾಲ್ಕೂವರೆ ಇಂಚು ಕಡಿಮೆ, ಮೂರನೆಯದರಲ್ಲಿ ಕಾಲು ಇಂಚು. √2ರಲ್ಲಿ 0.004 ಎಂಬ ಕಣ್ಣಿಗೆ ಕಾಣದ ತಪ್ಪು 90 ಪಟ್ಟಾಗಿ ನಾಲ್ಕೂವರೆ ಇಂಚಾಯಿತು. ಆ ತಪ್ಪು ಸಂಖ್ಯೆಯನ್ನು ನಂಬಿ ಗೂಟ ಸರಿಸಿದರೆ ಚೌಕ ಓರೆಯಾಗುತ್ತದೆ, ಗುಂಡಿ ತೋಡಿದ ಮೇಲೆ ಬಸಿಗಾಲುವೆಯ ಸಾಲಿಗೆ ಹೊಂದುವುದಿಲ್ಲ.

ಹೊರಗಿನ ಗುಣಕ ಎರಡು ಅಂಕಿಯದಾದರೆ ಒಳಗಿನ ಮೂಲವನ್ನು ಉತ್ತರಕ್ಕೆ ಬೇಕಾದ್ದಕ್ಕಿಂತ ಎರಡು ಸ್ಥಾನ ಹೆಚ್ಚು ತೆಗೆದುಕೊಳ್ಳಿ. √2, √3, √5, √7, √10ಕ್ಕೆ 1.414, 1.732, 2.236, 2.646, 3.162 ಎಂಬ ನೆನಪಿನ ಬೆಲೆಗಳು ಒಂದಂಕಿಯ ಗುಣಕಕ್ಕೆ ಚೆನ್ನಾಗಿ ಸಾಕು. ಎಕರೆಯ ಬದಿಗೆ, ಅಂದರೆ 66√10ಕ್ಕೆ, 3.16 ಎಂದು ಹಿಡಿದರೆ 208.56 ಬರುತ್ತದೆ, ಎರಡು ಇಂಚಿನಷ್ಟು ಕಡಿಮೆ. 3.1623 ಹಿಡಿದರೆ 208.71.

ಅಷ್ಟು ಸ್ಥಾನ ನೆನಪಿಲ್ಲದಿದ್ದರೆ ಗುಣಕವನ್ನು ಒಳಗೆ ಕಳಿಸಿ ಅಂದಾಜಿಸಿ. 90√2 ಎಂದರೆ √16200. 127ರ ವರ್ಗ 16129, ವ್ಯತ್ಯಾಸ 71, ಇಮ್ಮಡಿ 254: 127 + 71/254 = 127.28. ದೊಡ್ಡ ಸಂಖ್ಯೆಗೆ ಅಂದಾಜಿನ ಕ್ರಮ ಚೆನ್ನಾಗಿ ನಡೆಯುತ್ತದೆ ಎಂದು ಮೇಲೆ ಕಂಡೆವಲ್ಲ, ಅದರ ಲಾಭ ಇಲ್ಲಿ ಸಿಗುತ್ತದೆ.

ಹತ್ತಿರ ಹತ್ತಿರದ ಎರಡು ಮೂಲಗಳನ್ನು ಕಳೆಯುವಾಗಲೂ ತಪ್ಪು ಹೀಗೆಯೇ ಉಬ್ಬುತ್ತದೆ. √200 − √198 ಎಂದರೆ 14.14 − 14.07 = 0.07, ಒಂದೇ ಅಂಕಿ ಕೈಗೆ ಬಂತು. ಅದೇ 2ನ್ನು ಎರಡರ ಮೊತ್ತ 28.21ರಿಂದ ಭಾಗಿಸಿ: 0.0709. ಅವೇ ಎರಡು ಸ್ಥಾನದ ಬೆಲೆಗಳಿಂದ ಮೂರು ನಂಬಬಹುದಾದ ಅಂಕಿ.

ಟೇಪಿನ ಮೇಲೆ

ನಿವೇಶನದ ಮೂಲೆ ತೆಗೆಯುವಾಗ 30 × 40ಕ್ಕೆ ಕರ್ಣ ಸರಿಯಾಗಿ 50 ಅಡಿ, ಮೇಸ್ತ್ರಿಗಳಿಗೆಲ್ಲ ಬಾಯಿಪಾಠ. 20 × 30 ಬಂದಾಗ ತೊಡಕು. √1300, ಅಂದರೆ 10√13. ಸರಾಸರಿ ಕ್ರಮದಲ್ಲಿ 36 ಹಿಡಿದರೆ 1300 ÷ 36 = 36.111, ಸರಾಸರಿ 36.056. ಈಗ ಟೇಪು ಹಿಡಿಯಿರಿ. 36.06 ಎಂಬುದು 36 ಅಡಿ 6 ಇಂಚು ಅಲ್ಲ. ದಶಮಾಂಶ ಭಾಗವನ್ನು 12ರಿಂದ ಗುಣಿಸಬೇಕು: 0.0555 × 12 = 0.67, ಅಂದರೆ 36 ಅಡಿ ಮುಕ್ಕಾಲು ಇಂಚಿಗೆ ತುಸು ಕಡಿಮೆ. 36 ಅಡಿ 6 ಇಂಚು ಎಂದು ಓದಿ ಗೂಟ ಹೊಡೆದರೆ 20 ಅಡಿಯ ಬದಿಯ ತುದಿ ಆರು ಇಂಚಿಗೂ ಹೆಚ್ಚು ಹೊರಗೆ ವಾಲುತ್ತದೆ. ‘ಸುಮಾರು 36’ ಎಂದು ಬಿಟ್ಟರೂ ಮುಕ್ಕಾಲು ಇಂಚು ಒಳಗೆ ವಾಲುತ್ತದೆ. 40 × 60ಕ್ಕೆ ಹೊಸ ಲೆಕ್ಕ ಬೇಡ, ಎಲ್ಲವೂ ಎರಡರಷ್ಟು: 20√13, 72 ಅಡಿ ಒಂದೂ ಕಾಲು ಇಂಚು ದಾಟಿ ಕೂದಲೆಳೆಯಷ್ಟು. 30 × 50ಕ್ಕೆ 10√34, 58.31 ಅಡಿ, ಅಂದರೆ 58 ಅಡಿ ಮೂರೂಮುಕ್ಕಾಲು ಇಂಚು.

ಎಷ್ಟು ಸ್ಥಾನ ಬೇಕು ಎಂಬುದಕ್ಕೆ ಟೇಪೇ ಉತ್ತರ ಹೇಳುತ್ತದೆ. 0.01 ಅಡಿ ಎಂದರೆ ಸುಮಾರು ಎಂಟನೇ ಒಂದು ಇಂಚು. ಮರಗೆಲಸಕ್ಕಾಗಲಿ ಗೂಟಕ್ಕಾಗಲಿ ಅಡಿಯಲ್ಲಿ ಎರಡು ದಶಮಾಂಶ ಸ್ಥಾನ ಧಾರಾಳ. √193 ಅಡಿಯ ಪಕಾಸು 13.89 ಅಡಿ, ಅಂದರೆ 13 ಅಡಿ ಹತ್ತೂಮುಕ್ಕಾಲು ಇಂಚು. ಸೂರಿಗೆ ಎಷ್ಟು ಬಿಡಬೇಕೋ ಅದನ್ನು ಆಮೇಲೆ ಕೂಡಿ; ಮೊದಲೇ 12 ಅಡಿಗೆ ಸೇರಿಸಿ ವರ್ಗ ಮಾಡಿದರೆ ಏರಿನ ಲೆಕ್ಕ ಕೆಡುತ್ತದೆ. ಮೀಟರಿನಲ್ಲಿ ಅಳೆಯುವವರಿಗೆ ಮೂರನೆಯ ಸ್ಥಾನ ಮಿಲಿಮೀಟರ್, ಅಲ್ಲಿಗೆ ನಿಲ್ಲಿಸಿ.

ಮಲೆನಾಡಿನ ಗುಡ್ಡದ ಬದಿಯಲ್ಲಿ ಇನ್ನೊಂದು ಲೆಕ್ಕ ಪದೇ ಪದೇ ಬೇಕಾಗುತ್ತದೆ. ಜಾಗದ ವಿಸ್ತೀರ್ಣ ಲೆಕ್ಕ ಹಾಕುವುದು ಮಟ್ಟಸ ಅಳತೆಯಲ್ಲಿ, ಇಳಿಜಾರಿನ ಮೇಲೆ ಟೇಪು ಮಲಗಿಸಿದ ಅಳತೆಯಲ್ಲಿ ಅಲ್ಲ. ಇಳಿಜಾರಿನಗುಂಟ 100 ಅಡಿ, ಇಳಿತ 20 ಅಡಿ ಇದ್ದರೆ ಮಟ್ಟಸ ಉದ್ದ √(10000 − 400), ಅಂದರೆ √9600, ಅಂದರೆ 40√6. ಇಲ್ಲಿ ಸರಳೀಕರಣ ಸಾಧ್ಯವಿದ್ದರೂ ಅದರ ಗೋಜಿಗೆ ಹೋಗಬೇಡಿ. 100 ಕಣ್ಣೆದುರೇ ಇದೆ: 100 − 400/200 = 98. ನಿಜ ಬೆಲೆ 97.98. ಇಳಿತದ ವರ್ಗವನ್ನು ಟೇಪಿನ ಉದ್ದದ ಇಮ್ಮಡಿಯಿಂದ ಭಾಗಿಸಿ ಕಳೆದರೆ ಸಾಕು, ನಿಂತಲ್ಲೇ ಬಾಯಿಲೆಕ್ಕ. ಇಳಿತ ಉದ್ದದ ಮೂರನೇ ಒಂದಕ್ಕಿಂತ ಕಡಿದಾದಾಗ ಮಾತ್ರ ಇದು ಸಡಿಲವಾಗುತ್ತದೆ. 100ಕ್ಕೆ 60 ಇಳಿದರೆ ಈ ಲೆಕ್ಕ 82 ಹೇಳುತ್ತದೆ, ನಿಜ ಉದ್ದ 80. ಅಂಥ ಕಡೆ 82ನ್ನೇ ಊಹೆಯಾಗಿಟ್ಟು ಒಂದು ಸುತ್ತು ಸರಾಸರಿ ಮಾಡಿ: 6400 ÷ 82 = 78.05, ಸರಾಸರಿ 80.02.

ಫೋನಿನ ಕ್ಯಾಲ್ಕುಲೇಟರ್ ಬಳಸುವವರು ಆವರಣ ಹಾಕಲು ಮರೆಯಬೇಡಿ. √144 + 49 ಎಂದು ಒತ್ತಿದರೆ ಬರುವುದು 12 + 49, ಅಂದರೆ 61. ಆವರಣದೊಳಗೆ ಎರಡನ್ನೂ ಇಟ್ಟರೆ 13.892. ಗರಗಸ ಹಿಡಿಯುವ ಮೊದಲು ಬಂದ ಸಂಖ್ಯೆಯನ್ನು ಅದರಿಂದಲೇ ಗುಣಿಸಿ ನೋಡಿ: 13.89 × 13.89 = 192.93.